ಮೊಳೆ ಜೋಡಿಸಿದ ಕೈಗಳಿಗೆ ಇನ್ನೂ ಕೆಲಸವಿದೆ

ಮಾನ್ಯ ಸಂಪಾದಕರೇ,

ಎರಡು ತಿಂಗಳ ಹಿಂದೆ ಅಣ್ಣನ ಮಗಳು ಲ್ಯಾಪ್‌ಟಾಪ್ ತೆರೆದು ನನ್ನ ಮುಂದೆ ಇಟ್ಟಳು. "ಅತ್ತೀ, ಇಲ್ಲಿ ನಿನ್ನ ಪರಿಚಯ ಬರಿ. ನೀನು ಯಾರು, ನಿನಗೆ ಏನು ಇಷ್ಟ, ಅಷ್ಟೇ ಸಾಕು" ಅಂದಳು. ಅದು ಕನ್ನಡ ವಿಕಿಸೋರ್ಸ್‌ನಲ್ಲಿ ನನ್ನ ಹೆಸರಿಗೆ ತೆರೆದ ಸದಸ್ಯ ಪುಟ. ಹಳೆಯ ಕನ್ನಡ ಪುಸ್ತಕಗಳನ್ನು ಅಕ್ಷರ ಅಕ್ಷರವಾಗಿ ಕಂಪ್ಯೂಟರಿಗೆ ತುಂಬುವ ಸ್ವಯಂಸೇವಕರ ಗುಂಪು ಅದು. ವಿಕಿಪೀಡಿಯ ಎಲ್ಲರಿಗೂ ಗೊತ್ತು, ಕನ್ನಡದಲ್ಲಿ ಅದು 2003ರಿಂದ ಇದೆ. ಇದು ಅದರ ತಂಗಿ ಇದ್ದ ಹಾಗೆ.

ಎರಡು ದಿನ ಆ ಪುಟ ಖಾಲಿಯೇ ಇತ್ತು. ಬೇರೆಯವರ ಪರಿಚಯ ಓದಿದೆ. ಇಂಜಿನಿಯರ್, ಉಪನ್ಯಾಸಕರು, ಕಾಲೇಜು ಹುಡುಗರು. ಇವರ ನಡುವೆ ನಾನೇನು ಬರೆಯಲಿ? ನಲವತ್ತು ವರ್ಷ ದಿನಾ ಬೇರೆಯವರ ಬರಹ ಜೋಡಿಸಿದೆ, ಬೇರೆಯವರ ಬರಹ ತಿದ್ದಿದೆ. ನನ್ನ ಬಗ್ಗೆ ನಾಲ್ಕು ಸಾಲು ಬರೆಯಲು ಯಾರೂ ಕೇಳಿರಲಿಲ್ಲ.

ಕೊನೆಗೆ ಹೀಗೆ ಬರೆದೆ: "ಊರು ಗದಗ. ವಯಸ್ಸು 63. 1981ರಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ, ಒಂದು ಪ್ರೆಸ್ಸಿನಲ್ಲಿ ಕಂಪೋಸಿಂಗ್ ಕೆಲಸಕ್ಕೆ ಸೇರಿದೆ. ಹದಿನೇಳು ವರ್ಷ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸಿದೆ. ಆಮೇಲೆ ಪ್ರೂಫ್ ನೋಡಿದೆ. ಹಳೆಯ ಪುಸ್ತಕಗಳ ಅಚ್ಚು ನೋಡುವುದು ಇಷ್ಟ. ಅವ್ವ ಹೇಳುತ್ತಿದ್ದ ಬೀಸುವ ಪದಗಳನ್ನು ಬರೆದಿಟ್ಟುಕೊಂಡಿದ್ದೇನೆ."

ಅದೇ ಸಂಜೆ ಮಂಗಳೂರಿನ ಹುಡುಗನೊಬ್ಬ ಉತ್ತರ ಬರೆದ. "ನಮಗೆ ಬೇಕಾಗಿದ್ದವರೇ ನೀವು." ಸುಮ್ನೆ ಮರ್ಯಾದೆಗೆ ಅಂದಿರಬೇಕು ಅಂದುಕೊಂಡಿದ್ದೆ. ಒಂದು ವಾರ ಕೆಲಸ ಮಾಡಿದ ಮೇಲೆ ಆ ಮಾತು ನಿಜ ಎಂದು ಗೊತ್ತಾಯಿತು. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ಅಲ್ಲಿ ಕೆಲಸ ನಡೆಯುವುದು ಹೀಗೆ. ಹಳೆಯ ಪುಸ್ತಕದ ಪುಟದ ಚಿತ್ರ ಒಂದು ಕಡೆ ಇರುತ್ತದೆ. ಆ ಚಿತ್ರವನ್ನು ಯಂತ್ರ ಓದಿ ಟೈಪ್ ಮಾಡಿದ್ದು ಇನ್ನೊಂದು ಕಡೆ. ಒಸಿಆರ್ ಅಂತಾರೆ ಅದಕ್ಕೆ. ಯಂತ್ರ ಸಾಕಷ್ಟು ಸರಿಯಾಗಿಯೇ ಓದುತ್ತದೆ. ಆದರೆ ಹಳೆಯ ಅಚ್ಚಿನಲ್ಲಿ ಮೊಳೆ ಸವೆದಿರುತ್ತದೆ, ಮಸಿ ಹರಡಿರುತ್ತದೆ. ಅಲ್ಲಿ ಎಡವುತ್ತದೆ. ನಾನು ನೋಡಿದ ಮೂರನೆಯ ಪುಟದಲ್ಲೇ 'ಸೂರ್ಯ' ಎನ್ನುವುದು 'ಸೂಯ೯' ಆಗಿತ್ತು. ಅರ್ಕಾವತ್ತನ್ನು ಒಂಬತ್ತು ಎಂದು ಓದಿಬಿಟ್ಟಿದೆ! ಇನ್ನೊಂದು ಕಡೆ 'ದನ' ಹೋಗಿ 'ಧನ'. ದಕಾರದ ಕೆಳಗೆ ಮಸಿಯ ಒಂದು ಚುಕ್ಕೆ ಬಿದ್ದಿತ್ತು, ಯಂತ್ರಕ್ಕೆ ಹೊಟ್ಟೆ ಸೀಳಿದ ಹಾಗೆ ಕಂಡಿತು. ದನ, ಧನ ಎರಡೂ ಸರಿಯಾದ ಪದಗಳೇ ಅಲ್ವಾ? ಕಾಗುಣಿತ ನೋಡುವ ಸಾಫ್ಟ್‌ವೇರ್ ಇದನ್ನು ಹಿಡಿಯಲಾರದು. ಸಾಲು ಓದಿ ಅರ್ಥ ಮಾಡಿಕೊಳ್ಳುವ ಮನುಷ್ಯನ ಕಣ್ಣೇ ಬೇಕು.

ನನ್ನ ಕೈಗೂ ಹಳೆಯ ಅಭ್ಯಾಸ ಬಿಡಿಸುವುದಿತ್ತು. ಮೊಳೆ ಜೋಡಿಸುವಾಗ 'ಸೂ' ಇಟ್ಟು, 'ಯ' ಇಟ್ಟು, ಆಮೇಲೆ ಅರ್ಕಾವತ್ತಿನ ಮೊಳೆ ಇಡುತ್ತಿದ್ದೆವು. ಕಂಪ್ಯೂಟರಿನಲ್ಲಿ ಬಾಯಿ ಹೇಳುವ ಕ್ರಮದಲ್ಲೇ ಹೋಗಬೇಕು, ಮೊದಲು ರಕಾರ, ಆಮೇಲೆ ಯಕಾರ. ಮೂರು ದಿನ ತಪ್ಪಿತು, ನಾಲ್ಕನೆಯ ದಿನ ಕೈಗೆ ಬಂತು. ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಅವರೂ ಅಚ್ಚಿನ ಕೆಲಸ ಬಲ್ಲವರು. ಅದಕ್ಕೇ ಇರಬೇಕು, ನಮ್ಮಂಥವರ ಬೆರಳಿಗೆ ಅದು ಬೇಗ ಒಗ್ಗುತ್ತದೆ.

ಒಂದು ತಪ್ಪನ್ನೂ ಮಾಡಿದೆ. ಹಳೆಯ ಪುಸ್ತಕದಲ್ಲಿ 'ಯೆಲ್ಲಾ' ಎಂದಿದ್ದ ಕಡೆಯೆಲ್ಲ 'ಎಲ್ಲಾ' ಎಂದು ತಿದ್ದಿಬಿಟ್ಟೆ. ಪ್ರೂಫ್ ನೋಡಿದ ಕಣ್ಣು, ಸುಮ್ಮನಿರುವುದಿಲ್ಲ. ಅದೇ ಮಂಗಳೂರಿನ ಹುಡುಗ ಬರೆದ: "ಅಕ್ಕಾ, ಅಚ್ಚಿನಲ್ಲಿ ಇದ್ದ ಹಾಗೇ ಇರಲಿ. ಆ ಕಾಲದವರು ಹೇಗೆ ಬರೆಯುತ್ತಿದ್ದರು ಅಂತ ಮುಂದಿನವರಿಗೆ ಗೊತ್ತಾಗಬೇಕು." ಸರಿಯಾದ ಮಾತು. ಒಂದೊಂದನ್ನೂ ಹುಡುಕಿ ಮತ್ತೆ 'ಯೆಲ್ಲಾ' ಮಾಡಿದೆ. ಬೀಸುವ ಪದಗಳ ಬಗ್ಗೆಯೂ ಕೇಳಿದ್ದೆ. ಅಚ್ಚಾದ ಪುಸ್ತಕಗಳನ್ನು ಮಾತ್ರ ಇಲ್ಲಿ ಹಾಕುವುದು ಅಂದರು. ಆ ನೋಟ್‌ಬುಕ್ಕಿಗೆ ಬೇರೆ ದಾರಿ ನೋಡಬೇಕು.

ನಮ್ಮ ಪ್ರೆಸ್ಸಿನಲ್ಲಿ ಒಬ್ಬರು ಮೂಲ ಓದುತ್ತಿದ್ದರು, ಇನ್ನೊಬ್ಬರು ಪ್ರೂಫ್ ಮೇಲೆ ಗುರುತು ಹಾಕುತ್ತಿದ್ದರು. ಒಬ್ಬರ ಕಣ್ಣನ್ನೇ ಯಾರೂ ನಂಬುತ್ತಿರಲಿಲ್ಲ. ಇಲ್ಲಿಯೂ ಹಾಗೇ. ಯಾರೂ ಮುಟ್ಟದ ಪುಟ ಕೆಂಪು. ಒಬ್ಬರು ತಿದ್ದಿದರೆ ಹಳದಿ. ಬೇರೆ ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ಹಸಿರು. ನಾನು ತಿದ್ದಿದ್ದನ್ನು ನಾನೇ ಹಸಿರು ಮಾಡಲು ಬರುವುದಿಲ್ಲ. ಈ ಕಟ್ಟುನಿಟ್ಟು ನೋಡಿ ಬಹಳ ಖುಷಿಯಾಯಿತು.

ಎಲ್ಲ ಪುಸ್ತಕವನ್ನೂ ಹಾಕಲು ಬರುವುದಿಲ್ಲ. ಲೇಖಕರು ತೀರಿಹೋಗಿ 60 ವರ್ಷ ಕಳೆದಿರಬೇಕು, ಇಲ್ಲವೇ ಹಕ್ಕಿರುವವರು ತಾವಾಗಿ ಬಿಟ್ಟುಕೊಟ್ಟಿರಬೇಕು. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡಿದ್ದು 1963ರಲ್ಲಿ, ಹಾಗಾಗಿ ಅವರ ಬರಹ 2024ರಿಂದ ಎಲ್ಲರದು. ನಮ್ಮ ಧಾರವಾಡದ ಬೇಂದ್ರೆಯವರಿಗೆ 2042 ಬರಬೇಕು. ನಾನಿರುತ್ತೇನೋ ಇಲ್ಲವೋ, ಆ ಕೆಲಸಕ್ಕೆ ಈಗಲೇ ಜನ ತಯಾರಾಗಬೇಕು.

ನಮ್ಮ ಗದಗವನ್ನು ಮುದ್ರಣ ಕಾಶಿ ಎಂದು ಕರೆಯುತ್ತಿದ್ದರು. ಎಷ್ಟು ಪ್ರೆಸ್ಸು, ಎಷ್ಟು ಕಂಪೋಸಿಟರುಗಳು! ಆಫ್‌ಸೆಟ್ ಬಂತು, ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂತು. ನಾನು ಮುಟ್ಟಿದ ಮೊಳೆಗಳು ಚೀಲದಲ್ಲಿ ತುಂಬಿ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗಿದ್ದನ್ನು ಕಣ್ಣಾರೆ ನೋಡಿದೆ. ಒಂದು 'ಕ್ಷ' ಮಾತ್ರ ಇಟ್ಟುಕೊಂಡಿದ್ದೇನೆ. ಮೊಳೆ ಹೋದರೂ ಅವನ್ನು ಜೋಡಿಸಿದವರು ಇದ್ದಾರೆ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಬೆಂಗಳೂರಿನಲ್ಲೂ ಇದ್ದೇ ಇರುತ್ತಾರೆ. ಅಕ್ಷರವನ್ನು ತಲೆಕೆಳಗಾಗಿ, ಕನ್ನಡಿಯಲ್ಲಿ ನೋಡಿದ ಹಾಗೆ ಓದಿ ಪಳಗಿದ ಕಣ್ಣುಗಳು ಅವು. ಪೇಪರುಗಳಲ್ಲಿ ಕರಡು ತಿದ್ದಿ ನಿವೃತ್ತರಾದವರೂ ಇದ್ದಾರೆ, ನಿಮ್ಮ ಕಚೇರಿಯಿಂದಲೂ ಇರಬಹುದು. ಅವರೆಲ್ಲರಿಗೆ ನನ್ನ ವಿನಂತಿ: ದಯವಿಟ್ಟು ಬನ್ನಿ. ಹಣ ಸಿಗುವುದಿಲ್ಲ, ಹಣ ಕೊಡಬೇಕಾಗಿಯೂ ಇಲ್ಲ. ದಿನಕ್ಕೆ ಒಂದು ಪುಟ ನೋಡಿದರೂ ಆಯಿತು. ಕಂಪ್ಯೂಟರ್ ಬಾರದಿದ್ದರೆ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಾನೂ ಹಾಗೇ ಶುರು ಮಾಡಿದ್ದು. ಪರಿಚಯ ಬರೆಯಲು ಸಂಕೋಚ ಬೇಡ. 'ಪ್ರೆಸ್ಸಿನಲ್ಲಿ ಕೆಲಸ ಮಾಡಿದ್ದೇನೆ' ಎಂಬ ಒಂದೇ ಸಾಲಿಗೆ ಅಲ್ಲಿ ಎಷ್ಟು ಬೆಲೆ ಇದೆ ಎಂದು ನಾನೇ ಕಂಡಿದ್ದೇನೆ.

ಇಲ್ಲಿಯವರೆಗೆ 41 ಪುಟ ತಿದ್ದಿದ್ದೇನೆ. ಹಸಿರಾದದ್ದು ಆರು. ಉಳಿದ ಮೂವತ್ತೈದು ಹಳದಿಯಾಗಿಯೇ ಇವೆ, ಎರಡನೆಯ ಪ್ರೂಫ್ ನೋಡುವವರು ಬೇಕಾಗಿದ್ದಾರೆ.

ಇಂತಿ,
ನಿವೃತ್ತ ಕಂಪೋಸಿಟರ್, ಗದಗ