ಇನ್ನು ಮುಂದೆ ಲೇಸರ್ ಡಯೋಡ್ ಬೋರ್ಡಿನ ಮೇಲೆಯೇ: ಡ್ರೈವರ್ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ಏಪ್ರಿಲ್‌ನಿಂದ ನಮ್ಮ 905 ನ್ಯಾನೋಮೀಟರ್ ಪಲ್ಸ್ ಡ್ರೈವರನ್ನು (ಆ ತರಂಗಾಂತರದ ಲೇಸರಿಗೆ ಕ್ಷಣಮಾತ್ರ ಕರೆಂಟ್ ಕೊಟ್ಟು ಬೆಳಕಿನ ಪಲ್ಸ್, ಎಂದರೆ ಮಿಡಿತ, ಹೊಮ್ಮಿಸುವ ಸರ್ಕ್ಯೂಟ್) ತಂತಿ ಹೊರಬಿಟ್ಟ ಪೆಟ್ಟಿಗೆಯ ರೂಪದಲ್ಲಿ ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು ಲೇಸರ್ ಡಯೋಡನ್ನು ಪೀಣ್ಯದ ನಮ್ಮ ಕಾರ್ಯಾಗಾರದಲ್ಲೇ ಡ್ರೈವರ್ ಬೋರ್ಡಿನ ಅಂಚಿಗೆ ಬೆಸುಗೆ ಹಾಕಿ, ಹೊಮ್ಮುವ ಬೆಳಕಿನ ಪಲ್ಸನ್ನು ಅಳೆದು ನೋಡಿ, ಎರಡನ್ನೂ ಒಟ್ಟಾಗಿ ಕಳುಹಿಸುತ್ತೇವೆ. ದೂರಮಾಪಕ, ಸೈಲೋ (ಧಾನ್ಯ ತುಂಬಿಡುವ ಎತ್ತರದ ಕಣಜ) ಮಟ್ಟಮಾಪಕ ತಯಾರಿಸುವವರಿಗೂ ಕಾಲೇಜು ಪ್ರಯೋಗಾಲಯಗಳಿಗೂ ಇದು ಅನ್ವಯಿಸುತ್ತದೆ. ಒಂದೇ ಸಮನೆ ಕರೆಂಟ್ ಕೊಡುವ ಡ್ರೈವರ್‌ಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ಅವುಗಳನ್ನಷ್ಟೇ ಬಳಸುವವರು ಈ ಪತ್ರವನ್ನು ಇಲ್ಲಿಗೇ ಬಿಡಬಹುದು.

ಲೇಸರನ್ನು ತಮಗೆ ಬೇಕಾದ ಕಡೆ ಇಟ್ಟು, ಹತ್ತು ಸೆಂಟಿಮೀಟರ್ ತಂತಿಯಿಂದ ಡ್ರೈವರಿಗೆ ಜೋಡಿಸುವ ಅನುಕೂಲವನ್ನು ನಿಮ್ಮಲ್ಲಿ ಹಲವರು ಇಷ್ಟಪಟ್ಟಿದ್ದೀರಿ. ಅದನ್ನು ಕಿತ್ತುಕೊಳ್ಳುವಾಗ ಕಾರಣವನ್ನು ಲೆಕ್ಕದ ಸಮೇತ ಹೇಳುವುದು ನಮ್ಮ ಹೊಣೆ.

ಈ ಮಾಪಕಗಳು ಬೆಳಕಿನ ಪಲ್ಸ್ ವಸ್ತುವಿಗೆ ತಗುಲಿ ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತವೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ) ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಹೋಗಿ ಬರುವ ದಾರಿಯನ್ನು ಎಣಿಸಿದರೆ, ಸಮಯದಲ್ಲಿ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರದಲ್ಲಿ 15 ಸೆಂಟಿಮೀಟರ್ ತಪ್ಪುತ್ತದೆ. ಪಲ್ಸಿನ ಅಗಲವೂ ಅಷ್ಟೇ ಮುಖ್ಯ. 10 ನ್ಯಾನೋಸೆಕೆಂಡ್ ಅಗಲದ ಪಲ್ಸಿಗೆ ಒಂದೂವರೆ ಮೀಟರ್ ಅಂತರದೊಳಗಿನ ಎರಡು ವಸ್ತುಗಳು ಒಂದರಲ್ಲೊಂದು ಬೆರೆತು ಕಾಣುತ್ತವೆ. ಧಾನ್ಯದ ಸೈಲೋದಲ್ಲಿ ಇದು ನಿತ್ಯದ ತೊಂದರೆ: ಮೇಲೆ ತೇಲುವ ಧೂಳಿನಿಂದ ಮರಳುವ ಬೆಳಕೂ ಕೆಳಗಿನ ಧಾನ್ಯದಿಂದ ಮರಳುವ ಬೆಳಕೂ ಕೂಡಿಕೊಂಡು ಮಾಪಕ ಸುಳ್ಳು ಮಟ್ಟವನ್ನು ತೋರಿಸುತ್ತದೆ. ಪಲ್ಸ್ ಎರಡೂವರೆ ನ್ಯಾನೋಸೆಕೆಂಡಿಗೆ ಇಳಿದರೆ ಈ ಅಂತರ 40 ಸೆಂಟಿಮೀಟರಿಗಿಂತ ಕಡಿಮೆಯಾಗುತ್ತದೆ, ಧೂಳು ಬೇರೆ, ಧಾನ್ಯ ಬೇರೆ ಎಂದು ಕಾಣಿಸುತ್ತದೆ. ನಮ್ಮ ಗುರಿ ಅದೇ.

ಹಾಗಾದರೆ ತಂತಿಯ ತಂಟೆ ಏನು? ಕರೆಂಟ್ ಹರಿಯುವ ಯಾವ ದಾರಿಗಾದರೂ ಇಂಡಕ್ಟೆನ್ಸ್ ಇದ್ದೇ ಇರುತ್ತದೆ. ನಿಂತ ಗಾಡಿ ತಟ್ಟನೆ ಓಡಲು ಒಪ್ಪದ ಹಾಗೆ, ಅದು ಕರೆಂಟಿನ ದಿಢೀರ್ ಏರಿಕೆಯನ್ನು ತಡೆಯುತ್ತದೆ. ಅದನ್ನು ಮೀರಲು ಬೇಕಾದ ವೋಲ್ಟೇಜ್ ಎಷ್ಟೆಂದರೆ, ಇಂಡಕ್ಟೆನ್ಸನ್ನು ಕರೆಂಟಿನ ಏರಿಕೆಯ ವೇಗದಿಂದ ಗುಣಿಸಿದಷ್ಟು. 75 ವ್ಯಾಟ್ ದರ್ಜೆಯ ಲೇಸರಿಗೆ ಸುಮಾರು 40 ಆಂಪಿಯರ್ ಬೇಕು, ಅದೂ 2 ನ್ಯಾನೋಸೆಕೆಂಡಿನಲ್ಲಿ ಏರಬೇಕು. ದಾರಿಯಲ್ಲಿ ಒಂದೇ ಒಂದು ನ್ಯಾನೋಹೆನ್ರಿ ಇದ್ದರೂ 20 ವೋಲ್ಟ್ ಅದಕ್ಕೇ ಖರ್ಚು. ಹತ್ತು ಸೆಂಟಿಮೀಟರ್ ಹೆಣೆದ ಜೋಡಿ ತಂತಿಯಲ್ಲಿ ಸರಿಸುಮಾರು 50ರಿಂದ 60 ನ್ಯಾನೋಹೆನ್ರಿ ಇರುತ್ತದೆ. ಗುಣಿಸಿ ನೋಡಿ: 1,000 ವೋಲ್ಟಿಗೂ ಹೆಚ್ಚು! ಅಂಗೈಯಲ್ಲಿ ಹಿಡಿಯುವ ಉಪಕರಣದಲ್ಲಿ ಅಷ್ಟು ವೋಲ್ಟೇಜನ್ನು ನಾವು ಇಡುವುದಿಲ್ಲ, ಇಡಲೂ ಬಾರದು. ಕರೆಂಟಿಗೆ ಸ್ವಿಚ್ ಆಗಿ ಎಂಥ ವೇಗದ ಟ್ರಾನ್ಸಿಸ್ಟರ್ ತಂದರೂ ಆ ತಂತಿ ಇರುವವರೆಗೆ ಪಲ್ಸ್ ಚುರುಕಾಗುವುದಿಲ್ಲ. ಲೇಸರಿನ ಕಾಲುಗಳನ್ನು ಒಂದೆರಡು ಮಿಲಿಮೀಟರ್ ಉದ್ದ ಬಿಟ್ಟರೂ ವ್ಯತ್ಯಾಸ ಅಳತೆಯಲ್ಲಿ ಎದ್ದು ಕಾಣುತ್ತದೆ.

ಹೊಸ ಬೋರ್ಡಿನಲ್ಲಿ ಕರೆಂಟಿನ ಇಡೀ ಸುತ್ತು, ಎಂದರೆ ಚಾರ್ಜ್ ತುಂಬಿಟ್ಟುಕೊಳ್ಳುವ ಕೆಪಾಸಿಟರಿನಿಂದ ಲೇಸರಿಗೆ, ಅಲ್ಲಿಂದ ಟ್ರಾನ್ಸಿಸ್ಟರಿಗೆ, ಮತ್ತೆ ಕೆಪಾಸಿಟರಿಗೆ ಬರುವ ದಾರಿ, ಕೆಲವೇ ಮಿಲಿಮೀಟರಿನಲ್ಲಿ ಮುಗಿಯುತ್ತದೆ. ಮರಳುವ ಕರೆಂಟಿಗೆ ಮೇಲ್ಪದರದ ನೇರ ಕೆಳಗಿನ ತಾಮ್ರದ ಪದರವನ್ನೇ ಬಿಟ್ಟುಕೊಟ್ಟಿದ್ದೇವೆ. ಎರಡರ ನಡುವಿನ ನಿರೋಧಕ ಪದರ ತೆಳುವಾದಷ್ಟೂ ಹೋಗುವ ಮತ್ತು ಬರುವ ಕರೆಂಟಿನ ಕಾಂತಕ್ಷೇತ್ರಗಳು ಪರಸ್ಪರ ಹೆಚ್ಚು ಅಳಿಸಿಹೋಗುತ್ತವೆ, ಇಂಡಕ್ಟೆನ್ಸ್ ಇಳಿಯುತ್ತದೆ. ಒಂದು ದೊಡ್ಡ ಕೆಪಾಸಿಟರಿನ ಬದಲು ಹಲವು ಚಿಕ್ಕವನ್ನು ಪಕ್ಕಪಕ್ಕದಲ್ಲಿ ಕೂರಿಸಿರುವುದೂ ಇದೇ ಕಾರಣಕ್ಕೆ. ಅವು ಸಿಒಜಿ ಬಗೆಯವು, ಎಂದರೆ ವೋಲ್ಟೇಜ್, ತಾಪಮಾನ ಬದಲಾದರೂ ಧಾರಣೆ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಬಹುತೇಕ ಬದಲಾಗದವು. ಅಗ್ಗದ ಎಕ್ಸ್7ಆರ್ ಕೆಪಾಸಿಟರ್‌ಗಳ ಧಾರಣೆ ವೋಲ್ಟೇಜ್ ಏರಿದಂತೆ ಕುಸಿಯುತ್ತದೆ, ತಾಪಮಾನದೊಂದಿಗೂ ಬದಲಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲೂ ಮಡಿಕೇರಿಯ ಚಳಿಯಲ್ಲೂ ಒಂದೇ ಪಲ್ಸ್ ಬರಬೇಕಾದರೆ ಇಲ್ಲಿ ಉಳಿತಾಯ ಮಾಡಲಾಗದು.

ಪಲ್ಸ್ ಹುಟ್ಟುವ ಬಗೆಯೂ ಬದಲಾಗಿದೆ. ಕೆಪಾಸಿಟರನ್ನು ಮೊದಲೇ ತುಂಬಿಸಿಟ್ಟುಕೊಂಡು, ಟ್ರಿಗರ್ (ಪಲ್ಸ್ ಬಿಡು ಎಂಬ ಸಂಕೇತ) ಬಂದ ಕೂಡಲೇ ಟ್ರಾನ್ಸಿಸ್ಟರ್ ಆನ್ ಮಾಡಿ ಅದನ್ನು ಲೇಸರಿನ ಮೂಲಕ ಬರಿದು ಮಾಡುತ್ತೇವೆ. ಆಗ ಬರುವುದು ಅರ್ಧ ಸೈನ್ ಅಲೆಯ ಆಕಾರದ ಕರೆಂಟ್. ಸುತ್ತಿನ ಇಂಡಕ್ಟೆನ್ಸ್ ಒಂದೂವರೆ ನ್ಯಾನೋಹೆನ್ರಿ, ಕೆಪಾಸಿಟರ್ ಒಂದು ನ್ಯಾನೋಫ್ಯಾರಡ್ ಎಂದಿಟ್ಟುಕೊಂಡರೆ ಪಲ್ಸಿನ ಬುಡದ ಅಗಲ 3.8 ನ್ಯಾನೋಸೆಕೆಂಡಿನಷ್ಟು, ಅರ್ಧ ಎತ್ತರದಲ್ಲಿ ಸುಮಾರು 2.6. ಲೇಸರ್ ತಾನೇ ತಿನ್ನುವ ವೋಲ್ಟೇಜನ್ನು ಬಿಟ್ಟು 50 ವೋಲ್ಟ್ ಕೊಟ್ಟರೆ 40 ಆಂಪಿಯರ್ ಶಿಖರ ಮುಟ್ಟುತ್ತದೆ. ಇದೇ ಇಂಡಕ್ಟೆನ್ಸ್ ನಾಲ್ಕು ಪಟ್ಟಾದರೆ ಅಗಲವೂ ಇಮ್ಮಡಿ, ಬೇಕಾಗುವ ವೋಲ್ಟೇಜೂ ಇಮ್ಮಡಿ.

ಸ್ವಿಚ್ ಆಗಿ ಈವರೆಗೆ ಇದ್ದ ಸಿಲಿಕಾನ್ ಮಾಸ್‌ಫೆಟ್ ಬದಲಿಗೆ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಬಂದಿದೆ. ಅಷ್ಟೇ ಕರೆಂಟ್ ಹೊರುವ ಸಿಲಿಕಾನಿಗಿಂತ ಇದರ ಗೇಟಿಗೆ (ಸ್ವಿಚ್ಚನ್ನು ಆನ್-ಆಫ್ ಮಾಡುವ ತುದಿ) ತುಂಬಬೇಕಾದ ಚಾರ್ಜ್ ಬಹಳ ಕಡಿಮೆ, ಮೈಯೂ ಚಿಕ್ಕದು. ಆದರೆ ನಾಜೂಕು. ನಾವು ಬಳಸುವ ಬಗೆಯಲ್ಲಿ ಗೇಟಿಗೆ 5 ವೋಲ್ಟ್ ಕೊಡಬೇಕು, 6 ವೋಲ್ಟ್ ದಾಟಿದರೆ ಅದು ಹಾಳಾಗುತ್ತದೆ. ಹಾಗಾಗಿ ಗೇಟ್ ಡ್ರೈವರ್ ಚಿಪ್ಪನ್ನು ಟ್ರಾನ್ಸಿಸ್ಟರಿಗೆ ಅಂಟಿಸಿದಂತೆ ಇಟ್ಟಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡ್ ಕುರಿತು ಸಂಶೋಧನೆ ನಡೆಯುತ್ತಿದೆ. ಇಂಥ ಬಿಡಿಭಾಗಗಳನ್ನು ನಮ್ಮ ನಗರದಲ್ಲೇ ಕೊಳ್ಳುವ ದಿನ ಬರಲಿ ಎಂದು ಮನಸಾರೆ ಹಾರೈಸುತ್ತೇವೆ. ಸದ್ಯಕ್ಕೆ ಹೊರದೇಶದಿಂದಲೇ ತರಿಸುತ್ತಿದ್ದೇವೆ.

ಇನ್ನು ನಿಮ್ಮ ಕಡೆಯಿಂದ ಆಗಬೇಕಾದದ್ದು.

ಎಲ್ಲಕ್ಕಿಂತ ಮೊದಲು ಮಸೂರದ ಜಾಗ. ಲೇಸರ್ ಈಗ ಬೋರ್ಡಿನ ಅಂಚಿನಲ್ಲಿ ಕೂರುವುದರಿಂದ ಬೋರ್ಡೇ ನಿಮ್ಮ ಮಸೂರದ ಹಿಂದೆ ಬರಬೇಕು. ಹೊಮ್ಮುವ ಬೆಳಕು ದುಂಡಗಿರುವುದಿಲ್ಲ; ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹರಡುತ್ತದೆ. ಆದ್ದರಿಂದ ಬೋರ್ಡು ಅಡ್ಡ ನಿಲ್ಲಬೇಕೇ, ನೆಟ್ಟಗೆ ನಿಲ್ಲಬೇಕೇ ಎಂಬುದನ್ನು ಕವಚಕ್ಕೆ ತೂತು ಕೊರೆಯುವ ಮೊದಲೇ ನಿರ್ಧರಿಸಿ.

ಎರಡನೆಯ ವಿಷಯ ಕೆಲವರಿಗೆ ಬೇಸರ ತರಬಹುದು. ಹಳೆಯ ಡ್ರೈವರಿನಲ್ಲಿ ಟ್ರಿಗರಿನ ಅಗಲ ಬದಲಿಸಿ ಬೆಳಕಿನ ಪಲ್ಸಿನ ಅಗಲವನ್ನೂ ಬದಲಿಸಬಹುದಿತ್ತು. ಹೊಸದರಲ್ಲಿ ಅಗಲವನ್ನು ಇಂಡಕ್ಟೆನ್ಸ್ ಮತ್ತು ಕೆಪಾಸಿಟರ್ ನಿರ್ಧರಿಸುತ್ತವೆ; ಟ್ರಿಗರ್ ಹೇಳುವುದು ಯಾವಾಗ ಎಂಬುದನ್ನು ಮಾತ್ರ. ಬೆಳಕಿನ ಶಿಖರವನ್ನು ಹೆಚ್ಚು ಕಡಿಮೆ ಮಾಡಲು ಕೆಪಾಸಿಟರಿನ ವೋಲ್ಟೇಜನ್ನು ಹೊಂದಿಸಬಹುದು. ಪ್ರತಿ ಪಲ್ಸಿನ ನಂತರ ಕೆಪಾಸಿಟರ್ ಮತ್ತೆ ತುಂಬಲು ಸುಮಾರು 5 ಮೈಕ್ರೋಸೆಕೆಂಡ್ ಬೇಕಾದ್ದರಿಂದ ಸೆಕೆಂಡಿಗೆ 1 ಲಕ್ಷ ಪಲ್ಸ್ ಮೀರಬೇಡಿ. ಅಗಲ ಬದಲಿಸುವುದು ಅನಿವಾರ್ಯವಾಗಿರುವ ಪ್ರಯೋಗಾಲಯಗಳು ನಮಗೆ ಬರೆಯಲಿ. ಅವರಿಗಾಗಿ ಹಳೆಯ ಸರ್ಕ್ಯೂಟನ್ನೇ, ಲೇಸರ್ ಬೋರ್ಡಿನ ಮೇಲಿರುವಂತೆ, ಕೇಳಿದಾಗ ಮಾಡಿಕೊಡುತ್ತೇವೆ.

ಕಣ್ಣಿನ ಸುರಕ್ಷತೆಯ ಬಗ್ಗೆ ನಾವು ಸಡಿಲ ಬಿಡುವುದಿಲ್ಲ, ನೀವೂ ಬಿಡಬೇಡಿ. 905 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ನೇರವಾಗಿ ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಪಲ್ಸಿನ ಅಗಲ, ಶಿಖರ, ಆವರ್ತನೆ ಬದಲಾದಾಗ ಲೇಸರ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60825-1 ಪ್ರಕಾರದ ವರ್ಗೀಕರಣದ ಲೆಕ್ಕವನ್ನು ಹೊಸದಾಗಿಯೇ ಮಾಡಬೇಕು. ಹಳೆಯ ಡ್ರೈವರಿಗೆ ಅಂಟಿಸಿದ ಚೀಟಿಯನ್ನು ಹೊಸದಕ್ಕೆ ಅಂಟಿಸುವುದು ಸಲ್ಲದು. ಪ್ರತಿ ಬೋರ್ಡಿನ ಜೊತೆ ಅದರದೇ ಪಲ್ಸಿನ ಅಳತೆಯ ಹಾಳೆಯನ್ನು ಇಡುತ್ತೇವೆ. ಲೆಕ್ಕಕ್ಕೆ ಅದು ಸಾಕಾಗುತ್ತದೆ. ನೀವೇ ಅಳೆಯುವುದಾದರೆ ವೇಗದ ಫೋಟೋಡಯೋಡಿನಿಂದ 50 ಓಮ್ ಕೇಬಲ್ ಮೂಲಕ ಆಸಿಲೋಸ್ಕೋಪಿಗೆ ಕೊಡಿ. ಸಾಮಾನ್ಯ ಪ್ರೋಬಿನ ಉದ್ದನೆಯ ಗ್ರೌಂಡ್ ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ಇಲ್ಲದ ಅಲುಗಾಟವೆಲ್ಲ ಕಾಣುತ್ತದೆ.

ಬೆಲೆ ಏರುತ್ತದೆ, ಏಕೆಂದರೆ ಅದರಲ್ಲಿ ಈಗ ಲೇಸರ್, ಬೆಸುಗೆ, ಅಳತೆ ಮೂರೂ ಸೇರಿವೆ. ಮಾರ್ಚ್ ಕೊನೆಯೊಳಗೆ ಬಂದ ಆರ್ಡರ್‌ಗಳಿಗೆ ಹಳೆಯ ಪೆಟ್ಟಿಗೆ ಹಳೆಯ ಬೆಲೆಗೇ ಸಿಗುತ್ತದೆ. ಈಗಾಗಲೇ ಬಳಕೆಯಲ್ಲಿರುವ ಪೆಟ್ಟಿಗೆಗಳ ದುರಸ್ತಿ ಎಂದಿನಂತೆ ಮುಂದುವರಿಯುತ್ತದೆ.

ನಿಮ್ಮ ಮಸೂರದ ನಾಭಿದೂರ, ಕವಚದ ನಕ್ಷೆ ಮತ್ತು ಟ್ರಿಗರ್ ವೋಲ್ಟೇಜನ್ನು ಆದಷ್ಟು ಬೇಗ ಕಳುಹಿಸಿದರೆ ತಿರುಪಿನ ತೂತುಗಳ ಜಾಗವನ್ನು ನಿಮಗೆ ಹೊಂದುವಂತೆ ಬದಲಿಸಿಕೊಡಬಹುದು. ಮೊದಲ ಕಂತಿನ ಬೋರ್ಡುಗಳು ತಯಾರಿಕೆಗೆ ಹೋದ ಮೇಲೆ ಅದು ಸಾಧ್ಯವಾಗದು.

ಇಂತು ನಿಮ್ಮ ವಿಶ್ವಾಸಿಗಳು,
ವಿನ್ಯಾಸ ವಿಭಾಗ, ಪೀಣ್ಯ, ಬೆಂಗಳೂರು