ಬಿಳಿ ಮೂರರಿಂದ ಕರಿ ಎರಡಕ್ಕ

ದೋಸ್ತ,

ನಿನ್ನ ನಂಬರಿಗೆ ಕಳಿಸೋದು ಬಿಟ್ಟು ಇಲ್ಲಿ ಎಲ್ಲಾರ ಮುಂದ ಬರಿಯಾಕತ್ತೀನಿ, ಬೈಬ್ಯಾಡ. ವಾಟ್ಸಾಪಿಗೆ ಹಾಕಿದ್ರ ನೀ ಒಂದು ಹೆಬ್ಬೆಟ್ಟು ಒತ್ತಿ ಮಲಗ್ತಿ. ಇಲ್ಲಾದ್ರ ನಾಕು ಮಂದಿ ನೋಡ್ತಾರ, ಉತ್ತರ ಕೊಡಲೇಬೇಕು.

ನಾವು ಕ್ಯಾಸೆಟ್ಟಿನಾಗ ಕೇಳ್ತಿದ್ದ ಆ ಬ್ಯಾಂಡು ಬಂದಿತ್ತು. ಹೆಸರು ಬರಿಯಂಗಿಲ್ಲ, ಬರದ್ರ ಕ್ಯಾಸೆಟ್ಟು ಯಾರ ಹಂತ್ಯಾಕ ಉಳೀತು ಅನ್ನೋ ಜಗಳ ಮತ್ತ ಸುರು ಆಕ್ಕೈತಿ. ಆನೆಗೊಂದಿ ಕಡೆ ಬಯಲು, ಸುತ್ತ ಗುಂಡುಗಲ್ಲಿನ ಗುಡ್ಡ. ಅಂಥಲ್ಲಿ ಸೌಂಡ್ ಕಟ್ಟೋದು ಏನು ಫಜೀತಿ ಅಂತ ನನ್ನ ಜೋಡಿ ಜಾತ್ರಿಗೆ ಸೌಂಡ್ ಹಾಕೋ ನಿನಗ ಗೊತ್ತು, ಓದೋರಿಗೆ ಹೇಳ್ತೀನಿ. ಗುಡ್ಡ 170 ಮೀಟರ್ ದೂರ ಇದ್ರ ಡ್ರಮ್ಮಿನ ಏಟು ಹೋಗಿ ಬಡಿದು ತಿರುಗಿ ಬರಾಕ ಹತ್ರಹತ್ರ ಒಂದು ಸೆಕೆಂಡು. ಟಾಪ್‌ಗಳನ್ನ ಅಂದ್ರ ಮ್ಯಾಲಿನ ಸ್ಪೀಕರುಗಳನ್ನ ನೆಟ್ಟಗ ಗುಡ್ಡಕ್ಕ ಮುಖ ಮಾಡಿ ಇಟ್ರ ಒಬ್ಬನ ಬದಲಿ ಇಬ್ಬರು ಬಾರಿಸಿದಂಗ ಆಕ್ಕೈತಿ. ಇವರು ಎತ್ತರಕ್ಕ ತೂಗುಹಾಕಿ ಮೂತಿ ಕೆಳಗ ಬಗ್ಗಿಸಿದ್ರು. ದನಿ ಮಂದಿ ಮ್ಯಾಲ ಬಿದ್ದು ಅಲ್ಲೇ ಇಂಗತೈತಿ. ಬೇಸ್ ಮಾತ್ರ ಯಾರ ಮಾತೂ ಕೇಳಂಗಿಲ್ಲ, ಅದು ಗುಡ್ಡ ಮುಟ್ಟಿ ಬಂದೇ ಬಂತು.

ವೇದಿಕಿಯಿಂದ 70 ಮೀಟರಿಗೆ ಇನ್ನೊಂದು ಜೋಡಿ ಟಾಪ್ ನಿಲ್ಲಿಸಿದ್ರು. 30 ಡಿಗ್ರಿ ಸೆಕಿಯಾಗ ದನಿ ಸೆಕೆಂಡಿಗೆ 349 ಮೀಟರ್ ಓಡ್ತೈತಿ, ಅಂದ್ರ ಅಲ್ಲಿಗೆ ಮುಟ್ಟಾಕ 200 ಮಿಲಿಸೆಕೆಂಡ್. ಹಿಂದಿನ ಟಾಪನ್ನ ಅಷ್ಟು ತಡ ಮಾಡಿ, ಮ್ಯಾಲ 10-15 ಕೂಡಿಸಿದ್ರ ಹಾಡು ವೇದಿಕಿಯಿಂದಲೇ ಬಂತು ಅಂತ ಕಿವಿ ನಂಬ್ತೈತಿ. ರಾತ್ರಿ ಹೊಳಿ ಗಾಳಿ ಬಿಟ್ಟು 20 ಡಿಗ್ರಿಗೆ ಇಳಿದ್ರ ಮತ್ತ ಮೂರ್ನಾಕು ಮಿಲಿಸೆಕೆಂಡ್ ಸೇರಿಸಬೇಕು. ನಮ್ಮ ಜಾತ್ರಿಯಾಗ ಯಾರು ಸೇರಿಸ್ತಾರ! ಗಿಣಿಗೇರಿ ಊರಿನ ಜನರೇಟರ್ ನಡದ್ರ ಸಾಕು. (ನಗಬ್ಯಾಡ.)

ಮೊದಲ್ನೇ ಹಾಡಿಗೇ ಹಿಡದೆ: ಶ್ರುತಿ ಒಂದು ಮನಿ (ಅರ್ಧ ಸ್ವರ) ಕೆಳಗ, ಹಾಡುವಾತನ ವಯಸ್ಸಾದ ಕೊಳ್ಳಿಗೆ ಎಟುಕಲಿ ಅಂತ. ಗಿಟಾರಿನವನ ಎಡಗೈ ಕ್ಯಾಸೆಟ್ಟಿನ ಕಾಲದ ಜಾಗಾದಾಗೇ ಇತ್ತು, ಸ್ವರ ಇಳಿದಿತ್ತು. 82.4 ಹರ್ಟ್ಸ್ ಇರಬೇಕಾದ ದಪ್ಪ ತಂತಿ 77.8ಕ್ಕ. ಪ್ಯಾಟಿ (ಹಾರ್ಮೋನಿಯಂ) ಲೆಕ್ಕದಾಗ ಬಿಳಿ ಮೂರರಿಂದ ಕರಿ ಎರಡಕ್ಕ. ಹಂಗ ಇಳಿಸಿದ್ರ ತಂತಿ ಸಡ್ಲಾಗಿ ಫ್ರೆಟ್ಟಿಗೆ ಬಡಿದು ಗಿರ್ ಅಂತೈತಿ, ಅದಕ್ಕ ತೆಳ್ಳನ 9ರ ಸೆಟ್ಟು ತಗದು ದಪ್ಪನ 10ರ ಸೆಟ್ಟು ಹಾಕ್ಕೊಂತಾರ. ಎತ್ತರದ ಹಾಡು ಮೂರನೇದ್ದಕ್ಕ ಇಟ್ಟಿದ್ರು: ಅಷ್ಟೊತ್ತಿಗೆ ಕೊಳ್ಳು ಕಾದಿರತೈತಿ, ಇನ್ನೂ ದಣಿದಿರಂಗಿಲ್ಲ. ಅದು ಮುಗಿದ ಕೂಡ್ಲೆ ಡ್ರಮ್ಮಿನವ ಒಬ್ಬನೇ ಆರು ನಿಮಿಷ ಬಾರಿಸಿದ. ಮಂದಿ ಕುಣೀತು, ಹಾಡುವಾತ ಪರದೆ ಹಿಂದ ಕುಂತು ನೀರು ಕುಡಿದ. ಅತಿ ಎತ್ತರದ ಸಾಲಿಗೆ ಮೈಕು ಮಂದಿ ಕಡೆ ತಿರುಗಿತು. ಕಾಲ ಬುಡಕ ಸಣ್ಣ ಟಿವಿ, ಅದ್ರಾಗ ಸಾಹಿತ್ಯ.

ಬಾಜೂಕ ನಿಂತ ಹುಡುಗ "ಮುದುಕಪ್ಪ ಮೋಸ ಮಾಡಾಕತ್ತಾನ" ಅಂದ. ರೆಕಾರ್ಡ್ ಹಚ್ಚಿ ತುಟಿ ಅಲ್ಲಾಡಿಸೋದು ಮೋಸ, ತಮ್ಮಾ. ಕಂಪನಿ ನಾಟಕದಾಗ ನಟಿಗೆ ವಯಸ್ಸಾದಂಗ ಪ್ಯಾಟಿ ಮಾಸ್ತರ ಒಂದೊಂದು ಮನಿ ಇಳಿಸ್ತಿದ್ದ, ಯಾರೂ ಟಿಕೀಟಿನ ರೊಕ್ಕ ತಿರುಗಿ ಕೇಳಲಿಲ್ಲ.

ಆದ್ರ ದೋಸ್ತ, ಒಂದು ಮನಿ ಇಳಿದದ್ದು ಹಿಡಿದ ಈ ಕಿವಿಗೆ ಡ್ರಮ್ಮಿನ ಮ್ಯಾಲಿನ ತಗಡಿನ, ಅಂದ್ರ ಸಿಂಬಲ್ಲಿನ ಬಾಲ ಕೇಳಲಿಲ್ಲ. ಕೋಲು ಬಡಿದದ್ದು ಕಂಡ್ತು, ಟಿಣ್ ಅಂತು, ಆಮ್ಯಾಲ ಸ್‌ಸ್‌ಸ್ ಅಂತ ಉಳೀಬೇಕಲ್ಲ, ಅಲ್ಲಿ ಖಾಲಿ. ತಗಡು ಅಲ್ಲಾಡಾಕತ್ತಿತ್ತು, ದನಿ ಇಲ್ಲ.

ಕಿವಿ ಪರೀಕ್ಷೆ ಮಾಡಿಸಿ ಎಂಟು ತಿಂಗಳಾತು. ಕಾಗದದ ಮ್ಯಾಲಿನ ಗೆರಿ ನೆಟ್ಟಗ ಬಂದು 4000 ಹರ್ಟ್ಸಿನಾಗ ತೆಗ್ಗಿಗೆ ಬಿದ್ದು 8000ಕ್ಕ ಮತ್ತ ಎದ್ದೈತಿ. ಗದ್ದಲಕ್ಕ ಕೆಟ್ಟ ಕಿವಿಯ ಗುರುತು ಅದು. ವಯಸ್ಸಿಂದಾದ್ರ ಗೆರಿ ಇಳಕೋತ ಹೋಗ್ತೈತಿ. ಎಡಗಿವಿಗೆ 45 ಡೆಸಿಬೆಲ್ ಕೊರತಿ. ಸ, ಶ ಎರಡೂ ಮ್ಯಾಲಿನ ಪಟ್ಟಿಯಾಗೇ ಇರೋವು, ಹಿಂಗಾಗಿ ಮನಿಯಾಗ ಸಕ್ಕರಿ ಅಂದ್ರ ನನಗ ಅಕ್ಕರಿ. ಒಳಗಿನ ಕೂದಲಿನಂಥ ಕೋಶ ಸತ್ರ ಮತ್ತ ಹುಟ್ಟಂಗಿಲ್ಲ. ಕಿವಿ ತಡಕೊಳ್ಳೋ ಗದ್ದಲದ ಮಿತಿ: 85 ಡೆಸಿಬೆಲ್ಲಿಗೆ ದಿನಕ್ಕ 8 ತಾಸು, ಮೂರು ಏರಿದಂಗ ಅರ್ಧ, 100ಕ್ಕ 15 ನಿಮಿಷ. ನಾವು ನಿಂತ ತಾಸು ಕೂಡಿಸಾಕ ಹೋಗಬ್ಯಾಡ.

ಇಷ್ಟಕ್ಕ ನಿಲ್ಲಿಸಬೇಕಂತಿದ್ದೆ. ಹೇಳೇ ಬಿಡ್ತೀನಿ. ಯಾರಿಗೂ ತಿಳಿಸದ ಸೌಂಡ್ ಮಿಕ್ಸರಿಗೆ ಕುಂತು, ಕೇಳದ್ದನ್ನ ಕೇಳಿಸ್ಕೊಳ್ಳಾಕ ಹೈ (ಎತ್ತರದ ದನಿ) ಏರಿಸ್ಕೋತ ಬಂದೀನಿ. ಮುಂದ ಕುಂತ ಹುಡುಗರು ಕಿವಿ ಮುಚ್ಚಿಕೊಂಡಾಗ ಸ್ಪೀಕರಿನ ಹಾರ್ನ್ ಕೆಟ್ಟೈತಿ ಅಂದೆ. ಅದರಾಗ ದನಿ ಎಬ್ಬಿಸೋ ತೆಳು ಪರದೆ, ಡಯಾಫ್ರಾಮ್, ಎರಡು ಬದಲಿ ಹಾಕಿಸಿ ಅರ್ಧ ರೊಕ್ಕ ನಿನ್ನ ಕಡಿಂದ ಇಸಗೊಂಡೆ. ಹಳೇವು ಚೊಲೋ ಇದ್ವು. ಮುದುಕಪ್ಪ ಅಷ್ಟು ಮಂದಿ ಮುಂದ ಶ್ರುತಿ ಇಳಿಸಿದ, ನಾ ನಿನ್ನೊಬ್ಬನ ಮುಂದ ಆಗಲಿಲ್ಲ.

ಎಸಿ/ಡಿಸಿ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಬ್ರಯಾನ್ ಜಾನ್ಸನ್ 2016ರಾಗ ಕಿವಿ ಸಲುವಾಗಿ ವೇದಿಕಿ ಮ್ಯಾಲ ಹಾಡೋದು ನಿಲ್ಲಿಸಿದ್ದ. ಕೆಡಿಸಿದ್ದು ರೇಸ್ ಕಾರು ಅಂತ ತಾನೇ ಹೇಳ್ಯಾನ. ಹೊಸ ನಮೂನಿ ಇನ್-ಇಯರ್ (ಕಿವಿಯೊಳಗ ಇಡೋ ಸಣ್ಣ ಸ್ಪೀಕರ್) ಹಾಕ್ಕೊಂಡು 2023ರ ಅಕ್ಟೋಬರಿನಾಗ ಕ್ಯಾಲಿಫೋರ್ನಿಯಾದ ಇಂಡಿಯೊದಾಗ ಬ್ಯಾಂಡಿನ ಜೋಡಿ ಮತ್ತ ವೇದಿಕಿ ಹತ್ತಿದ, 76 ತುಂಬಿತ್ತು. ನನಗ ಯಾರೂ ರೇಸ್ ಕಾರು ಕೊಡಸಿರಲಿಲ್ಲ.

ನಿನ್ನ ಮಗನಿಗೆ ಹೇಳು, ಕಿವಿಗೆ ಹತ್ತಿ ತುರುಕಿದ್ರ ನಡಿಯಂಗಿಲ್ಲ. ಫೋಮಿನ ಪ್ಲಗ್ ಬೆರಳಾಗ ತೆಳ್ಳಗ ಹೊಸಿಬೇಕು, ಇನ್ನೊಂದು ಕೈ ತಲಿ ಹಿಂದಿಂದ ತಂದು ಕಿವಿ ಮ್ಯಾಲಕ್ಕ ಜಗ್ಗಿ ಒಳಗಿಟ್ಟು, ಉಬ್ಬುಮಟ ಅರ್ಧ ನಿಮಿಷ ಒತ್ತಿ ಹಿಡೀಬೇಕು. ಬರೋ ಜಾತ್ರಿಗೆ ಹೈ ಅವನ ಕೈಯಾಗ ಇರಲಿ. ನಾ ಬೇಸ್ ನೋಡ್ಕೊಂತೀನಿ, ಅದು ಹೊಟ್ಟಿಗೂ ಕೇಳಸ್ತೈತಿ. ಒಗ್ಗರಣಿ-ಮಿರ್ಚಿ ನನ್ನ ಲೆಕ್ಕ.

ಫೋನ್ ಮಾಡಿದ್ರ ಬಲಗಿವಿಗೆ ಹಿಡ್ಕೊಂತೀನಿ. ಡಯಾಫ್ರಾಮಿನ ರೊಕ್ಕದ ಮಾತಾದ್ರ ಎಡಕ್ಕ.

ನಿನ್ನ,
ಅಕ್ಕರಿ