ಸ್ಟ್ಯಾಂಡಿನಲ್ಲಿ ಉಳಿದುಹೋದ ಸೈಕಲ್‌ಗಳಿಗೂ ಒಂದು ನಿಯಮ ಇರಲಿ

ಮಾನ್ಯರೇ,

ಬೆಂಗಳೂರಿನ ಮೆಟ್ರೊ ನಿಲ್ದಾಣ, ಉದ್ಯಾನ ಹಾಗೂ ಪಾದಚಾರಿ ಮಾರ್ಗಗಳ ಬದಿಯಲ್ಲಿ ಹಾಕಿರುವ ಸೈಕಲ್ ಸ್ಟ್ಯಾಂಡ್‌ಗಳಲ್ಲಿ ದಿನನಿತ್ಯ ಸೈಕಲ್ ತುಳಿಯುವವರಿಗೇ ಜಾಗ ಸಿಗದಂತಾಗಿದೆ. ನಮ್ಮ ಬಡಾವಣೆಯ ಸ್ಟ್ಯಾಂಡನ್ನೇ ನೋಡಿದರೆ, ಹಲವು ಸೈಕಲ್‌ಗಳ ಟಯರುಗಳು ಬಿರುಕುಬಿಟ್ಟು ರಿಮ್ಮು ನೆಲಕ್ಕೆ ಕೂತಿದೆ. ಚೈನು ತುಕ್ಕುಹಿಡಿದು ಸರಳಿನಂತೆ ಸೆಟೆದಿದೆ. ಸೀಟು, ಪೆಡಲುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಗಟ್ಟಿಯಾಗಿ ಉಳಿದಿರುವುದು ಬೀಗವೊಂದೇ. ನಿತ್ಯ ಬರುವವರು ತಮ್ಮ ಸೈಕಲನ್ನು ಮರಕ್ಕೋ ಕಂಬಕ್ಕೋ ಕಟ್ಟಿ, ಪಾದಚಾರಿಗಳಿಂದ ಬೈಸಿಕೊಳ್ಳುತ್ತಿದ್ದಾರೆ.

ಇದನ್ನು ತೆರವು ಮಾಡಿಸಲು ವಿಚಾರಿಸಿದಾಗ, ಒಂದು ಕಚೇರಿಯವರು ಇದು ಪೊಲೀಸರ ಕೆಲಸವೆಂದರು. ಇನ್ನೊಂದು ಕಡೆ, ದೂರಿಲ್ಲದೆ ಮತ್ತೊಬ್ಬರ ಬೀಗ ಒಡೆಯುವುದು ಹೇಗೆ ಎಂದು ಕೇಳಿದರು. ಇಬ್ಬರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಲು 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮು ಅವಕಾಶ ಕೊಡುತ್ತದೆಯಾದರೂ, ಸೈಕಲ್ ಮೋಟಾರು ವಾಹನವಲ್ಲವಾದ್ದರಿಂದ ಆ ಕಲಮು ಇಲ್ಲಿ ಅನ್ವಯವಾಗದು. ನಂಬರ್ ಪ್ಲೇಟಾಗಲಿ, ಹಿಂದೆ ಪುರಸಭೆಗಳು ಕೊಡುತ್ತಿದ್ದ ಲೈಸೆನ್ಸ್ ಬಿಲ್ಲೆಯಾಗಲಿ ಈಗ ಇಲ್ಲದಿರುವುದರಿಂದ ಮಾಲೀಕರನ್ನು ಹುಡುಕುವುದೂ ಕಷ್ಟ. ಪೊಲೀಸರು ವಶಪಡಿಸಿಕೊಂಡರೆ ಮ್ಯಾಜಿಸ್ಟ್ರೇಟರ ಪ್ರಕಟಣೆ, ಆರು ತಿಂಗಳ ಕಾಯುವಿಕೆ ಎಂಬ ದೀರ್ಘ ದಾರಿ ಹಿಡಿಯಬೇಕಾಗುತ್ತದೆ. ಕೊನೆಗೆ ಆ ಸೈಕಲ್ ಠಾಣೆಯ ಆವರಣದಲ್ಲಿ ಕೊಳೆಯುವುದಷ್ಟೇ ವ್ಯತ್ಯಾಸ.

ರೈಲು ನಿಲ್ದಾಣಗಳ ಮುಂದೆ ಸೈಕಲ್‌ಗಳ ರಾಶಿಯಿಂದ ಕಂಗೆಟ್ಟಿದ್ದ ಜಪಾನ್ 1980ರಲ್ಲಿ ಇದಕ್ಕೆಂದೇ ಕಾನೂನು ತಂದಿತು. ಬಳಿಕ ಅದನ್ನು ಬಿಗಿಗೊಳಿಸಿ, ಪ್ರತಿ ಸೈಕಲ್‌ನ ನೋಂದಣಿಯನ್ನು ಕಡ್ಡಾಯ ಮಾಡಿತು. ಅಲ್ಲಿನ ಸ್ಥಳೀಯ ಆಡಳಿತ ಮೊದಲು ಎಚ್ಚರಿಕೆಯ ಚೀಟಿ ಕಟ್ಟುತ್ತದೆ, ಆಮೇಲೆ ಸೈಕಲನ್ನು ಸಂಗ್ರಹ ಕೇಂದ್ರಕ್ಕೆ ಸಾಗಿಸುತ್ತದೆ, ಶುಲ್ಕ ಪಡೆದು ಹಿಂದಿರುಗಿಸುತ್ತದೆ. ಪ್ರಕಟಣೆ ಹೊರಡಿಸಿ ಆರು ತಿಂಗಳಾದರೂ ಯಾರೂ ಬಾರದಿದ್ದರೆ ಒಡೆತನ ಆಡಳಿತಕ್ಕೇ ಸೇರುತ್ತದೆ. ಅಧಿಕಾರ ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಅಸ್ತಿತ್ವಕ್ಕೆ ಬಂದ ಬೆಂಗಳೂರಿನ ಐದು ನಗರ ಪಾಲಿಕೆಗಳು ಇಂಥದೊಂದು ಬೈಲಾ ರೂಪಿಸಬೇಕೆಂಬುದು ನನ್ನ ಕೋರಿಕೆ. ಆದರೆ ಕಾರು ಎಳೆದೊಯ್ಯುವ ಅವಸರವನ್ನು ಸೈಕಲ್ ವಿಷಯದಲ್ಲಿ ತೋರಬಾರದು. ಈ ಊರಿನಲ್ಲಿ ಅನಿವಾರ್ಯವಾಗಿ ಸೈಕಲ್ ತುಳಿಯುವವರಲ್ಲಿ ಸೆಕ್ಯುರಿಟಿ ಕೆಲಸದವರು, ಕಟ್ಟಡ ಕಾರ್ಮಿಕರು, ಹೋಟೆಲ್ ಹುಡುಗರು ಬಹಳ ಮಂದಿ. ಅವರು ಸುಗ್ಗಿಗೋ ಹಬ್ಬಕ್ಕೋ ಮನೆಯವರ ಕಾಯಿಲೆಗೋ ಊರಿಗೆ ಹೋದರೆ ಒಂದೆರಡು ತಿಂಗಳು ಬಾರದಿರುವುದುಂಟು. ಧೂಳು ಕೂತ ಮಾತ್ರಕ್ಕೆ ಅವರ ಸೈಕಲನ್ನು ಗುಜರಿಗೆ ಹಾಕಿದರೆ ಸಂಪಾದನೆಯ ದಾರಿಯನ್ನೇ ಮುಚ್ಚಿದಂತೆ. ಆದ್ದರಿಂದ ಬಳಸಲು ಬಾರದಂತಾಗಿರುವುದನ್ನೂ ಕೇವಲ ನಿಂತಿರುವುದನ್ನೂ ಬೇರೆಬೇರೆಯಾಗಿ ಪರಿಗಣಿಸಬೇಕು. ಚೀಟಿಯಲ್ಲಿ ಕನ್ನಡದ ಜೊತೆಗೆ ಹಿಂದಿ, ತಮಿಳು, ತೆಲುಗುಗಳಲ್ಲಿಯೂ ಒಂದು ಸಾಲು ಇರಬೇಕು. ಎರಡನೆಯ ಬಗೆಯ ಸೈಕಲ್‌ಗಳಿಗೆ ಕನಿಷ್ಠ ಮೂರು ತಿಂಗಳ ಗಡುವು ಕೊಡಬೇಕು.

ಬೀಗ ಕತ್ತರಿಸುವ ಮೊದಲು ಸೈಕಲ್‌ನ ಫೋಟೊ ತೆಗೆದು, ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಭಾಗದಲ್ಲಿ ಕೊರೆದಿರುವ ಫ್ರೇಮ್ ನಂಬರನ್ನು ಬರೆದುಕೊಂಡು ಪಾಲಿಕೆಯ ಜಾಲತಾಣದಲ್ಲಿ ಪ್ರಕಟಿಸಿದರೆ, ಕಳವಾದ ಸೈಕಲ್‌ಗಳಲ್ಲಿ ಕೆಲವಾದರೂ ಪತ್ತೆಯಾಗಬಹುದು. ಬಿಲ್ ಇಟ್ಟುಕೊಂಡವರು ಕಡಿಮೆಯಾದ್ದರಿಂದ, ಬೀಗದ ಕೈಯನ್ನೇ ಪುರಾವೆಯಾಗಿ ಒಪ್ಪಿ ಶುಲ್ಕವಿಲ್ಲದೆ ಸೈಕಲ್ ಹಿಂದಿರುಗಿಸುವಂತಾಗಲಿ.

– ಓದುಗ, ಬೆಂಗಳೂರು